ಎಸ್‌ಟಿಎಂ ಚಿತ್ರದಲ್ಲಿ ಕಾಣುವ ಗುಂಡು ಪರಮಾಣುವಾ, ಎಲೆಕ್ಟ್ರಾನಾ?

ನೀರ್ಚಾಲು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಕಡೆ ಪ್ಲಸ್ ಟು ಮಕ್ಕಳಿಗೆ ಫಿಸಿಕ್ಸ್ ಹೇಳುವ ಕೆಲಸ ನನ್ನದು. ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರೇ ನನ್ನ ಕ್ಲಾಸಿನಲ್ಲಿ ಜಾಸ್ತಿ. ಮೊನ್ನೆ ಒಬ್ಬಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಸಿಲಿಕಾನ್ ಮೇಲ್ಮೈ. ಸಾಲು ಸಾಲಾಗಿ ಕೇಸರಿ ಗುಂಡುಗಳು. "ಸರ್, ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೋಮೀಟರ್, ಅದಕ್ಕಿಂತ ತುಂಬಾ ಸಣ್ಣದ್ದು ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ ಅಂತ ನೀವೇ ಹೇಳಿದ್ದು. ಪರಮಾಣು ಅರ್ಧ ನ್ಯಾನೋಮೀಟರ್ ಕೂಡ ಇಲ್ಲ. ಈ ಫೋಟೋ ಹೇಗೆ ಬಂತು?" ಅಂತ ಕೇಳಿದಳು.

ಇದು ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್, ಎಸ್‌ಟಿಎಂ, ಬೆಳಕಿನ ಬದಲು ಎಲೆಕ್ಟ್ರಾನಿನ ಕರೆಂಟ್ ಅಳೆಯುತ್ತದೆ ಅಂದೆ. ಅವಳು ಬಿಡಲಿಲ್ಲ. "ಹಾಗಾದರೆ ಈ ಗುಂಡು ಪರಮಾಣುವಾ, ಎಲೆಕ್ಟ್ರಾನಾ? ಕೇಸರಿ ಬಣ್ಣ ಯಾರದ್ದು?"

ಪುಸ್ತಕದ ಉತ್ತರ ನನ್ನ ಹತ್ತಿರ ಇದೆ. ಆದರೆ ಈ ಯಂತ್ರದಲ್ಲಿ ಕೈಯಾಡಿಸಿದವರು ಕನ್ನಡದಲ್ಲಿ ಹೇಳಿದರೆ ಮಕ್ಕಳಿಗೆ ಓದಿ ಹೇಳಬಹುದು. ಇನ್ನೊಂದು ವಿಷಯ: ಎಸ್‌ಟಿಎಂ ಅಂತ ಹುಡುಕಿದರೆ ಎಲ್ಲ ಕಡೆ "ಕ್ವಾಂಟಂ ವಸ್ತು" ಅನ್ನುವ ಮಾತು ಸಿಗುತ್ತದೆ. ಎರಡಕ್ಕೂ ಏನು ಸಂಬಂಧ?

ಉಪ್ಪಳ ಗೇಟ್

ಬಣ್ಣ ಕಂಪ್ಯೂಟರಿನದ್ದು. ನನಗೆ ಅಷ್ಟು ಗೊತ್ತು. ಬಾಕಿಗೆ ಮುಳ್ಳೇರಿಯದವರನ್ನು ಕರೆಯಿರಿ ಮಾರಾಯರೇ.

ಮುಳ್ಳೇರಿಯ ಟು ಬೆಂಗಳೂರು

ಕರೆದಿರಿ, ಬಂದೆ. ಇದೇ ಯಂತ್ರದ ಮುಂದೆ ಕೂತು ಪಿಎಚ್‌ಡಿ ಮಾಡುತ್ತಿರುವವಳು ನಾನು. ಹಾಗಾಗಿ ಉದ್ದ ಆದರೆ ಬೈಯಬೇಡಿ.

ಇದರಲ್ಲಿ ಲೆನ್ಸ್ ಇಲ್ಲ, ದೀಪವೂ ಇಲ್ಲ. ಒಂದು ಚೂಪಾದ ಲೋಹದ ತಂತಿ ಇದೆ, ಅದನ್ನು ಟಿಪ್ ಅನ್ನುತ್ತೇವೆ. ಅದನ್ನು ಮಾದರಿಯ ಹತ್ತಿರ ತರುತ್ತೇವೆ. ಹತ್ತಿರ ಅಂದರೆ ಅರ್ಧದಿಂದ ಒಂದು ನ್ಯಾನೋಮೀಟರ್. ತಾಗಿಸುವ ಹಾಗಿಲ್ಲ. ಎರಡರ ನಡುವೆ ಸ್ವಲ್ಪ ವೋಲ್ಟೇಜ್ ಕೊಡುತ್ತೇವೆ. ಮಧ್ಯೆ ಇರುವುದು ಬರೀ ಖಾಲಿ ಜಾಗ. ಹಳೆಯ ಫಿಸಿಕ್ಸ್ ಪ್ರಕಾರ ಅಲ್ಲಿ ಕರೆಂಟ್ ಹರಿಯಬಾರದು. ಆದರೆ ಎಲೆಕ್ಟ್ರಾನಿನ ಅಲೆ ಲೋಹದ ಅಂಚಿನಲ್ಲಿ ಗಕ್ಕನೆ ನಿಲ್ಲುವುದಿಲ್ಲ. ಅದರ ಬಾಲ ಸ್ವಲ್ಪ ಹೊರಗೆ ಚಾಚಿರುತ್ತದೆ. ಆ ಬಾಲ ಟಿಪ್ಪಿಗೆ ಸಿಕ್ಕರೆ ಕರೆಂಟ್ ಬರುತ್ತದೆ.

ಇದರ ಮುಖ್ಯ ಗುಟ್ಟು ಒಂದು ಲೆಕ್ಕದಲ್ಲಿದೆ. ಅಂತರ 0.1 ನ್ಯಾನೋಮೀಟರ್ ಜಾಸ್ತಿ ಆದರೆ ಕರೆಂಟ್ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಟಿಪ್ಪಿನ ತುದಿಯಲ್ಲಿ ಎಲ್ಲಕ್ಕಿಂತ ಮುಂದೆ ಇರುವ ಒಂದು ಪರಮಾಣುವೇ ಹೆಚ್ಚುಕಡಿಮೆ ಎಲ್ಲ ಕರೆಂಟನ್ನೂ ಹೊರುತ್ತದೆ. ಅದರ ಹಿಂದಿನ ಸಾಲು 0.2 ನ್ಯಾನೋಮೀಟರ್ ದೂರದಲ್ಲಿದ್ದರೂ ಅದರ ಪಾಲು ನೂರರಲ್ಲಿ ಒಂದು. ತಂತಿ ಇಡೀ ಸೂಜಿಯ ಹಾಗೆ ಇರಬೇಕಾಗಿಲ್ಲ, ಒಂದೇ ಒಂದು ಪರಮಾಣು ಮುಂದೆ ಚಾಚಿದ್ದರೆ ಆಯಿತು.

ಕರೆಂಟ್ ಎಷ್ಟು ಅಂದರೆ, ಸಾಮಾನ್ಯವಾಗಿ 100 ಪಿಕೋಆಂಪಿಯರ್. ಕಡಿಮೆ ಅನ್ನಿಸುತ್ತದೆ. ಆದರೆ ಅದು ಸೆಕೆಂಡಿಗೆ ಸುಮಾರು 62 ಕೋಟಿ ಎಲೆಕ್ಟ್ರಾನ್! ಟಿಪ್ಪನ್ನು ಮೇಲ್ಮೈ ಮೇಲೆ ಸಾಲು ಸಾಲಾಗಿ ಓಡಿಸುತ್ತಾ, ಈ ಕರೆಂಟ್ ಬದಲಾಗದ ಹಾಗೆ ಟಿಪ್ಪನ್ನು ಮೇಲೆ ಕೆಳಗೆ ಮಾಡುತ್ತೇವೆ. ಹಾಗೆ ಮೇಲೆ ಕೆಳಗೆ ಹೋದ ದಾಖಲೆಯೇ ನಿಮ್ಮ ಹುಡುಗಿ ತೋರಿಸಿದ ಚಿತ್ರ. ಎತ್ತರಕ್ಕೆ ತಿಳಿ ಬಣ್ಣ, ತಗ್ಗಿಗೆ ಕಡು ಬಣ್ಣ. ಕೇಸರಿಯೋ ನೀಲಿಯೋ ಬರೆದವರ ಇಷ್ಟ.

1981ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬಿನಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಇದನ್ನು ಕೆಲಸ ಮಾಡಿಸಿದರು. ಸಿಲಿಕಾನಿನ ಪ್ರಸಿದ್ಧ ಚಿತ್ರ 1983ರಲ್ಲಿ ಪ್ರಕಟವಾಯಿತು. 1986ರಲ್ಲಿ ನೊಬೆಲ್ ಬಂತು. ಅರ್ಧ ಇವರಿಬ್ಬರಿಗೆ, ಇನ್ನರ್ಧ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮಾಡಿದ ಅರ್ನ್ಸ್ಟ್ ರುಸ್ಕಾ ಅವರಿಗೆ.

ಈಗ ಮುಖ್ಯ ಪ್ರಶ್ನೆ. ಆ ಗುಂಡು, ನಾವು ಕೊಟ್ಟ ವೋಲ್ಟೇಜಿನ ಮಿತಿಯೊಳಗೆ ಎಲೆಕ್ಟ್ರಾನುಗಳಿಗೆ ಎಲ್ಲೆಲ್ಲಿ ಎಷ್ಟು ಜಾಗ ಇದೆ ಅನ್ನುವುದರ ನಕ್ಷೆ. ಎಷ್ಟೋ ಸಲ ಅದು ಪರಮಾಣುವಿನ ತಲೆಯ ಮೇಲೇ ಬರುತ್ತದೆ. ಆದರೆ ಬರಲೇಬೇಕು ಅಂತ ಇಲ್ಲ. ಗ್ಯಾಲಿಯಂ ಆರ್ಸೆನೈಡ್ ತೆಗೆದುಕೊಳ್ಳಿ. ಮಾದರಿಯಿಂದ ಎಲೆಕ್ಟ್ರಾನ್ ಹೊರಗೆ ಬರುವ ಹಾಗೆ ವೋಲ್ಟೇಜ್ ಕೊಟ್ಟರೆ ಆರ್ಸೆನಿಕ್ ಸಾಲು ಕಾಣುತ್ತದೆ. ತಿರುಗಿಸಿ ಕೊಟ್ಟರೆ ಗ್ಯಾಲಿಯಂ ಸಾಲು. ಜಾಗ ಅದೇ, ಟಿಪ್ ಅದೇ, ಚಿತ್ರ ಮಾತ್ರ ಬೇರೆ. ಪೆನ್ಸಿಲ್ ಗ್ರಾಫೈಟಿನಲ್ಲಿ ಆರು ಇಂಗಾಲದ ಉಂಗುರ ಇದೆ ಅಂತ ನಾವೆಲ್ಲ ಓದಿದ್ದೇವೆ ಅಲ್ವಾ? ಎಸ್‌ಟಿಎಂನಲ್ಲಿ ಸಾಮಾನ್ಯವಾಗಿ ಆರರಲ್ಲಿ ಮೂರು ಮಾತ್ರ ಬೆಳಗುತ್ತವೆ.

ಸೊಲ್ಲಾಪುರದ ಸಂಶಯ

ಅಂದರೆ ಗುಂಡಿ ತಿರುಗಿಸಿದ ಹಾಗೆ ಚಿತ್ರ ಬದಲಾಗುತ್ತದೆ. ಬಣ್ಣ ನಿಮ್ಮ ಇಷ್ಟ. ಟಿಪ್ ತುದಿ ಹೇಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಇಂಥ ಯಂತ್ರ ಹೇಳಿದ್ದನ್ನು ನಂಬುವುದು ಹೇಗೆ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಮುಳ್ಳೇರಿಯ ಟು ಬೆಂಗಳೂರು

ಟಿಪ್ಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ನಿಜವಾದ ತಲೆನೋವು. ಗುಂಡಿ ತಿರುಗಿಸಿದರೆ ಚಿತ್ರ ಬದಲಾಗುವುದು ಮಾತ್ರ ಈ ಯಂತ್ರದ ದೊಡ್ಡ ಬಲ.

ಟಿಪ್ಪನ್ನು ಒಂದು ಜಾಗದಲ್ಲಿ ನಿಲ್ಲಿಸಿ, ಎತ್ತರ ಸರಿಪಡಿಸುವ ಸರ್ಕ್ಯೂಟನ್ನು ಆಫ್ ಮಾಡಿ, ವೋಲ್ಟೇಜನ್ನು ಮೆಲ್ಲಗೆ ಬದಲಿಸುತ್ತಾ ಹೋಗುತ್ತೇವೆ. ವೋಲ್ಟೇಜ್ ಸ್ವಲ್ಪ ಏರಿದಾಗ ಕರೆಂಟ್ ಎಷ್ಟು ಏರಿತು ಅಂತ ನೋಡಿದರೆ, ಆ ಶಕ್ತಿಯಲ್ಲಿ ಆ ಜಾಗದಲ್ಲಿ ಎಲೆಕ್ಟ್ರಾನುಗಳಿಗೆ ಎಷ್ಟು ಸ್ಥಾನ ಇದೆ ಅಂತ ತಿಳಿಯುತ್ತದೆ. ಇದನ್ನು ಸ್ಪೆಕ್ಟ್ರೋಸ್ಕೋಪಿ ಅನ್ನುತ್ತೇವೆ. ಹೀಗೆ 256 ಸಾಲು, ಸಾಲಿಗೆ 256 ಚುಕ್ಕೆ, ಒಟ್ಟು 65,536 ಚುಕ್ಕೆಗಳಲ್ಲಿ ಮಾಡುತ್ತೇವೆ. ಒಂದಕ್ಕೆ 3 ಸೆಕೆಂಡ್ ಅಂತ ಹಿಡಿದರೆ ಎರಡು ದಿನ ದಾಟುತ್ತದೆ. ಅಷ್ಟೂ ಹೊತ್ತು ಟಿಪ್ ಪರಮಾಣುವಿನಷ್ಟೂ ಆಚೀಚೆ ಜಾರಬಾರದು. ಮಧ್ಯೆ ಯಾರಾದರೂ ಬಾಗಿಲು ದಡಾರ್ ಅಂತ ಹಾಕಿದರೆ ನಮ್ಮ ಮುಖ ನೋಡಬೇಕು.

ಈಗ ಕ್ವಾಂಟಂ ವಸ್ತುವಿನ ವಿಷಯ. ಎಲ್ಲ ವಸ್ತುವೂ ಕ್ವಾಂಟಂ ನಿಯಮದಲ್ಲೇ ನಡೆಯುತ್ತದೆ, ತಾಮ್ರದ ತಂತಿಯೂ ಸಹ. ಆದರೆ ತಾಮ್ರದಲ್ಲಿ ಒಂದೊಂದು ಎಲೆಕ್ಟ್ರಾನೂ ತನ್ನ ಪಾಡಿಗೆ ಓಡುತ್ತದೆ ಅಂತ ಲೆಕ್ಕ ಹಾಕಿದರೂ ಉತ್ತರ ಸರಿ ಬರುತ್ತದೆ. ಕೆಲವು ವಸ್ತುಗಳಲ್ಲಿ ಅಷ್ಟು ಸಾಕಾಗುವುದಿಲ್ಲ. ಕೆಲವದರಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ಲೆಕ್ಕಕ್ಕೆ ಇಟ್ಟು ಗುಂಪಾಗಿ ಏನೋ ಮಾಡುತ್ತವೆ: ಜೋಡಿಯಾಗಿ ತಡೆಯೇ ಇಲ್ಲದೆ ಹರಿಯುವುದು, ತಾವೇ ಸಾಲು ಕಟ್ಟಿ ನಿಲ್ಲುವುದು, ಹೀಗೆ. ಇನ್ನು ಕೆಲವದರಲ್ಲಿ ಎಲೆಕ್ಟ್ರಾನ್ ಅಲೆಯ ರಚನೆಯೇ ವಿಚಿತ್ರ: ಒಳಗೆ ಕರೆಂಟ್ ಬಿಡದೆ ಬರೀ ಮೇಲ್ಮೈಯಲ್ಲಿ ಹರಿಯುತ್ತದೆ. ಇವನ್ನೆಲ್ಲ ಸೇರಿಸಿ ಕ್ವಾಂಟಂ ವಸ್ತು ಅನ್ನುವ ರೂಢಿ ಬಂದಿದೆ. ಪರಮಾಣು ಎಲ್ಲಿದೆ ಅಂತ ಎಕ್ಸ್‌ರೇ ಚೆನ್ನಾಗಿ ಹೇಳುತ್ತದೆ. ಎಲೆಕ್ಟ್ರಾನುಗಳು ಯಾವ ಜಾಗದಲ್ಲಿ ಏನು ಮಾಡುತ್ತಿವೆ ಅಂತ ಬೇಕಾದರೆ ಎಸ್‌ಟಿಎಂ ಬೇಕು.

ಅದವಾನಿ ಕೆಮಿಸ್ಟ್ರಿ

ಒಂದು ಉದಾಹರಣೆ ಕೊಡಿ. ಎಕ್ಸ್‌ರೇಗೆ ಸಿಗದೆ ಎಸ್‌ಟಿಎಂಗೆ ಸಿಕ್ಕಿದ್ದು ಯಾವುದು?

ಮುಳ್ಳೇರಿಯ ಟು ಬೆಂಗಳೂರು

ಬಿಸ್ಮತ್, ಸ್ಟ್ರಾಂಷಿಯಂ, ಕ್ಯಾಲ್ಸಿಯಂ, ತಾಮ್ರ, ಆಮ್ಲಜನಕ ಸೇರಿದ ಒಂದು ಸೂಪರ್‌ಕಂಡಕ್ಟರ್ ಇದೆ. ಲ್ಯಾಬಿನಲ್ಲಿ "ಬಿಸ್ಕೋ" ಅನ್ನುತ್ತಾರೆ. ಸುಮಾರು 90 ಕೆಲ್ವಿನ್ ಕೆಳಗೆ, ಅಂದರೆ ಮೈನಸ್ 183 ಡಿಗ್ರಿಗಿಂತ ಕೆಳಗೆ, ತಡೆ ಇಲ್ಲದೆ ಕರೆಂಟ್ ಹರಿಸುತ್ತದೆ. ಈ ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್ ಕುಟುಂಬ ಸಿಕ್ಕಿದ್ದೂ 1986ರಲ್ಲಿ ಅದೇ ಐಬಿಎಂ ಜ್ಯೂರಿಕ್ ಲ್ಯಾಬಿನಲ್ಲಿ, ಬೆಡ್‌ನೋರ್ಜ್ ಮತ್ತು ಮ್ಯೂಲರ್ ಅವರಿಗೆ. ಮರುವರ್ಷವೇ ನೊಬೆಲ್. ಒಂದೇ ಲ್ಯಾಬಿಗೆ ಎರಡು ವರ್ಷ ಸಾಲಾಗಿ!

ಈ ಬಿಸ್ಕೋ ಎಸ್‌ಟಿಎಂ ಮಾಡುವವರಿಗೆ ವರದಾನ. ಪದರ ಪದರವಾಗಿ ಸೀಳುತ್ತದೆ. ನಾವು ಮಾಡುವುದು ಹೀಗೆ: ಕೆಲವೇ ಮಿಲಿಮೀಟರ್ ಅಗಲದ ಹರಳಿನ ಮೇಲೆ ಒಂದು ಪುಟ್ಟ ಕಡ್ಡಿಯನ್ನು ಎಪಾಕ್ಸಿ ಅಂಟಿನಿಂದ ನೆಟ್ಟಗೆ ನಿಲ್ಲಿಸುತ್ತೇವೆ. ಅದು ನಿರ್ವಾತದ ಕೋಣೆಯೊಳಗೆ ಹೋಗಿ ತಣ್ಣಗಾದ ಮೇಲೆ ಹೊರಗಿನಿಂದ ಒಂದು ಸರಳು ತಳ್ಳಿ ಆ ಕಡ್ಡಿಯನ್ನು ಠಕ್ ಅಂತ ಬೀಳಿಸುತ್ತೇವೆ. ಕಡ್ಡಿಯ ಜೊತೆ ಹರಳಿನ ಮೇಲಿನ ಪದರ ಕಿತ್ತು ಹೋಗುತ್ತದೆ. ಕೆಳಗೆ ಗಾಳಿಯನ್ನೇ ಕಾಣದ ಹೊಸ ಮೇಲ್ಮೈ ಸಿಗುತ್ತದೆ. ಕೆಲವೊಮ್ಮೆ ಇಡೀ ಹರಳೇ ಕಡ್ಡಿಯ ಜೊತೆ ಎದ್ದು ಹೋಗುತ್ತದೆ. ಅವತ್ತು ಚಹಾ ಕುಡಿಯಲು ಹೋಗುವುದು ಒಳ್ಳೆಯದು.

ನಿರ್ವಾತ ಯಾಕೆ ಅಂದರೆ, ಒತ್ತಡ 10ರ ಮೈನಸ್ 6ನೇ ಘಾತ ಟಾರ್ ಇದ್ದರೂ ಒಂದೇ ಸೆಕೆಂಡಿನಲ್ಲಿ ಮೇಲ್ಮೈ ಮೇಲೆ ಕಸದ ಒಂದು ಪದರ ಕೂರಬಹುದು. ಮೈನಸ್ 10ಕ್ಕೆ ಇಳಿಸಿದರೆ ಗಂಟೆಗಟ್ಟಲೆ ಸಮಯ ಸಿಗುತ್ತದೆ. ಜೊತೆಗೆ 4.2 ಕೆಲ್ವಿನ್‌ನ ದ್ರವ ಹೀಲಿಯಂ ಇದ್ದರೆ ಸುತ್ತಲಿನ ಗೋಡೆಗಳೇ ಕಸವನ್ನು ಹಿಡಿದಿಟ್ಟುಕೊಳ್ಳುತ್ತವೆ. ತಂಪು ಬೇಕಾಗುವುದಕ್ಕೆ ಇನ್ನೊಂದು ಕಾರಣ ಇದೆ. ಬಿಸಿ ಇದ್ದರೆ ಶಕ್ತಿಯ ಅಳತೆ ಮಸುಕಾಗುತ್ತದೆ. 4.2 ಕೆಲ್ವಿನ್‌ನಲ್ಲೇ ಆ ಮಸುಕು ಸುಮಾರು 1.3 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಅದಕ್ಕಿಂತ ಸಣ್ಣದ್ದು ನೋಡಬೇಕಾದರೆ ಇನ್ನೂ ತಣ್ಣಗೆ ಹೋಗಬೇಕು.

ಹೀಗೆ ಸೀಳಿದ ಬಿಸ್ಕೋದಲ್ಲಿ ಕಂಡದ್ದೇನು? ಸೂಪರ್‌ಕಂಡಕ್ಟರಿನಲ್ಲಿ ಎಲೆಕ್ಟ್ರಾನ್ ಜೋಡಿ ಒಡೆಯಲು ಇಂತಿಷ್ಟು ಶಕ್ತಿ ಬೇಕು, ಅದಕ್ಕೆ ಗ್ಯಾಪ್ ಅನ್ನುತ್ತೇವೆ. ಅದು ಹರಳಿನ ತುಂಬಾ ಒಂದೇ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. 2000ದ ಆಸುಪಾಸಿನಲ್ಲಿ ನಕ್ಷೆ ಮಾಡಿ ನೋಡಿದರೆ ಸುಮಾರು 3 ನ್ಯಾನೋಮೀಟರಿಗೊಮ್ಮೆ ಗ್ಯಾಪ್ ಬದಲಾಗುತ್ತಿತ್ತು. ಕೋಟಿಗಟ್ಟಲೆ ಪರಮಾಣುಗಳ ಸರಾಸರಿ ತೆಗೆಯುವ ಅಳತೆಗಳಲ್ಲಿ ಇದು ಮುಳುಗಿ ಹೋಗುತ್ತದೆ.

2000ದಲ್ಲೇ ಇನ್ನೊಂದು ಕೆಲಸ ಬಂತು. ಅಲ್ಲೊಂದು ಇಲ್ಲೊಂದು ತಾಮ್ರದ ಪರಮಾಣು ತೆಗೆದು ಸತು ಹಾಕಿದ ಬಿಸ್ಕೋ. ಒಂದೊಂದು ಸತುವಿನ ಸುತ್ತ ಎಲೆಕ್ಟ್ರಾನುಗಳು ನಾಲ್ಕು ತೋಳಿನ ಶಿಲುಬೆಯ ಹಾಗೆ ಹರಡಿದ್ದು ಕಂಡಿತು. ಆ ತೋಳುಗಳು ಸುಮ್ನೆ ಎಲ್ಲೋ ಚಾಚಿರಲಿಲ್ಲ. ಈ ವಸ್ತುವಿನಲ್ಲಿ ಗ್ಯಾಪ್ ಕೆಲವು ದಿಕ್ಕಿನಲ್ಲಿ ಸೊನ್ನೆ ಆಗುತ್ತದೆ ಅಂತ ಬೇರೆ ಪ್ರಯೋಗಗಳು ಹೇಳಿದ್ದವು. ಅದೇ ದಿಕ್ಕಿಗೆ ಸರಿಯಾಗಿ ಚಾಚಿದ್ದವು. ಒಂದು ಕಸದ ಪರಮಾಣು ಹಾಕಿ, ಅದರ ಸುತ್ತ ಏನಾಗುತ್ತದೆ ಅಂತ ನೋಡಿ ಇಡೀ ವಸ್ತುವಿನ ಗುಣ ಓದುವುದು! ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಚಿತ್ರ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ.

ತಾಳವಾಡಿ ಬಿಎಸ್ಸಿ

ಕಸ ಅಂದಿರಲ್ಲ, ಶುದ್ಧ ಹರಳಿನಲ್ಲಿ ಆ ಅನುಕೂಲ ಇಲ್ಲವಾ?

ಮುಳ್ಳೇರಿಯ ಟು ಬೆಂಗಳೂರು

ಪೂರ್ತಿ ಶುದ್ಧ ಹರಳು ನಮಗೆ ಅಷ್ಟು ಉಪಯೋಗ ಇಲ್ಲ! ಎಲೆಕ್ಟ್ರಾನ್ ಅಲೆ ಒಂದು ದೋಷಕ್ಕೆ ಬಡಿದು ಹಿಂದೆ ಬಂದರೆ ಹೋಗುವ ಅಲೆ ಮತ್ತು ಬರುವ ಅಲೆ ಸೇರಿ ನಿಂತ ಅಲೆಯಾಗುತ್ತದೆ. ಅದು ಎಸ್‌ಟಿಎಂನಲ್ಲಿ ಗೆರೆಗೆರೆಯಾಗಿ ಕಾಣುತ್ತದೆ. 1993ರಲ್ಲಿ ಐಬಿಎಂನವರು ತಾಮ್ರದ ಮೇಲೆ 48 ಕಬ್ಬಿಣದ ಪರಮಾಣುಗಳನ್ನು ಟಿಪ್ಪಿನಿಂದಲೇ ಒಂದೊಂದಾಗಿ ಎಳೆದು ವೃತ್ತ ಮಾಡಿದರು. ಒಳಗೆ ಎಲೆಕ್ಟ್ರಾನ್ ಅಲೆಯ ಉಂಗುರಗಳು ಕಂಡವು. ಅದಕ್ಕೂ ಮೊದಲು, 1990ರಲ್ಲಿ, ನಿಕ್ಕಲ್ ಮೇಲೆ 35 ಕ್ಸೆನಾನ್ ಪರಮಾಣುಗಳಿಂದ ಕಂಪನಿಯ ಹೆಸರು ಬರೆದಿದ್ದರು.

ಆ ಗೆರೆಗಳ ಅಂತರ ಅಳೆದರೆ ಎಲೆಕ್ಟ್ರಾನಿನ ಅಲೆಯುದ್ದ ಗೊತ್ತಾಗುತ್ತದೆ. ಅದರಿಂದ ವೇಗದ ಲೆಕ್ಕ ಸಿಗುತ್ತದೆ. ಬೇರೆ ಬೇರೆ ಶಕ್ತಿಯಲ್ಲಿ ನಕ್ಷೆ ತೆಗೆದು, ಕಂಪ್ಯೂಟರಿನಲ್ಲಿ ಫೂರಿಯೇ ಪರಿವರ್ತನೆ ಮಾಡಿದರೆ ಯಾವ ದಿಕ್ಕಿನಲ್ಲಿ ಯಾವ ಅಲೆ ಓಡುತ್ತಿದೆ ಅಂತ ಚುಕ್ಕೆ ಚುಕ್ಕೆಯಾಗಿ ಸಿಗುತ್ತದೆ. 2002ರಲ್ಲಿ ಬಿಸ್ಕೋದಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಇದು ಎಲ್ಲರ ಮಾಮೂಲು ವಿಧಾನ ಆಯಿತು. 2009ರಲ್ಲಿ ಬಿಸ್ಮತ್ ಆಂಟಿಮೊನಿ ಮಿಶ್ರಲೋಹದ ಮೇಲ್ಮೈಯಲ್ಲಿ ನೇರ ಹಿಂದಕ್ಕೆ ಪುಟಿಯುವ ಅಲೆ ಮಾತ್ರ ಕಾಣೆ ಆಗಿದ್ದು ಗೊತ್ತಾಯಿತು. ಟೊಪಾಲಜಿಕಲ್ ಇನ್ಸುಲೇಟರ್ ಬಗ್ಗೆ, ಅಂದರೆ ಒಳಗೆ ಕರೆಂಟ್ ಬಿಡದೆ ಬರೀ ಮೇಲ್ಮೈಯಲ್ಲಿ ಹರಿಸುವ ವಸ್ತು ಅಂತ ಆಗ ಹೇಳಿದೆನಲ್ಲ, ಅದರ ಬಗ್ಗೆ ಸಿದ್ಧಾಂತದವರು ಹೇಳಿದ್ದೂ ಅದನ್ನೇ.

ಬದಿಯಡ್ಕ ಪೇಟೆ

ಇಷ್ಟೆಲ್ಲ ಕನ್ನಡದಲ್ಲಿ ಹೇಳಬಹುದು ಅಂತ ಆದರೆ, ನಮ್ಮ ಶಾಲೆಗಳಿಗೆ ಕನ್ನಡ ಬಲ್ಲ ಮೇಷ್ಟ್ರುಗಳನ್ನು ಹಾಕಲಿಕ್ಕೆ ಏನು ಕಷ್ಟ ಅಂತ ಕೇಳಬೇಕು.

ಅಡ್ಮಿನ್

ನೇಮಕದ ಚರ್ಚೆಗೆ ಬೇರೆ ಎಳೆ ಇದೆ. ನಿಮ್ಮ ಮಾತಿನಲ್ಲಿ ತಪ್ಪಿಲ್ಲ, ಆದರೆ ದಯವಿಟ್ಟು ಅಲ್ಲಿ ಹಾಕಿ. ಇಲ್ಲಿ ಎಸ್‌ಟಿಎಂ ಮಾತ್ರ.

ಹೊಸೂರು ಲೇತ್

ಎರಡು ದಿನ ಪರಮಾಣುವಿನಷ್ಟೂ ಜಾರಬಾರದು ಅಂದಿರಿ. ನಾನು ಮಷೀನ್ ಶಾಪಿನವನು. ಒಂದು ಮೈಕ್ರಾನ್ ಹಿಡಿಯಲಿಕ್ಕೇ ಏಸಿ ರೂಮು ಬೇಕು. ಇವರು ಹೇಗೆ ಹಿಡಿಯುತ್ತಾರೆ?

ಉಪ್ಪಳ ಗೇಟ್

ನಮ್ಮಲ್ಲಿ ಇಟ್ಟರೆ ಒಂದು ಕಡೆ ಕೆಂಪುಕಲ್ಲು ಕೊಯ್ಯುವ ಮಷೀನು, ಇನ್ನೊಂದು ಕಡೆ ಮಂಗಳೂರು ರೈಲು. ಪರಮಾಣು ಕುಣಿಯುತ್ತದೆ ಅಷ್ಟೇ.

ಮುಳ್ಳೇರಿಯ ಟು ಬೆಂಗಳೂರು

ಉಪ್ಪಳದವರು ತಮಾಷೆ ಮಾಡಿದ್ದು ನಿಜವೇ. ಲೋಹದ ನುಣುಪು ಮೇಲ್ಮೈಯಲ್ಲಿ ಪರಮಾಣುಗಳ ಏರುತಗ್ಗು ಕೆಲವೇ ಪಿಕೋಮೀಟರ್. ಒಂದು ಮೈಕ್ರಾನಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಪಿಕೋಮೀಟರ್. ಟಿಪ್ ಮತ್ತು ಮಾದರಿಯ ನಡುವಿನ ನಡುಕ ಅದಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಯಂತ್ರವನ್ನು ಕಟ್ಟಡದ ತಳ ಅಂತಸ್ತಿನಲ್ಲಿ, ಕಟ್ಟಡಕ್ಕೆ ತಾಗದ ಬೇರೆ ಅಡಿಪಾಯದ ಮೇಲೆ, ಗಾಳಿ ತುಂಬಿದ ಕಾಲುಗಳ ಮೇಲೆ ಇಡುತ್ತಾರೆ. ಒಳಗೆ ಮತ್ತೆ ಸ್ಪ್ರಿಂಗ್. ಆ ಸ್ಪ್ರಿಂಗ್ ಓಲಾಡುವುದನ್ನು ನಿಲ್ಲಿಸಲು ಆಯಸ್ಕಾಂತ ಮತ್ತು ತಾಮ್ರ. ಬಿನ್ನಿಗ್ ಮತ್ತು ರೋರರ್ ಮೊದಲ ಯಂತ್ರವನ್ನು ಸೂಪರ್‌ಕಂಡಕ್ಟರ್ ಸೀಸದ ಬಟ್ಟಲಿನ ಮೇಲೆ ಆಯಸ್ಕಾಂತದ ಬಲದಿಂದ ತೇಲಿಸಿದ್ದರು. ಆಮೇಲೆ ಅದು ಅಗತ್ಯ ಇಲ್ಲ ಅಂತ ಗೊತ್ತಾಯಿತು.

ನಿಮ್ಮ ಪ್ರಶ್ನೆಗೆ ಇನ್ನೊಂದು ಉತ್ತರ: ಟಿಪ್ ಹಿಡಿದ ಭಾಗವನ್ನು ಬೆರಳಿನಷ್ಟು ಪುಟ್ಟದಾಗಿ, ಗಟ್ಟಿಯಾಗಿ ಮಾಡುತ್ತಾರೆ. ಆಗ ನಡುಗಿದರೂ ಟಿಪ್ ಮತ್ತು ಮಾದರಿ ಎರಡೂ ಒಟ್ಟಿಗೆ ನಡುಗುತ್ತವೆ, ಮಧ್ಯದ ಅಂತರ ಬದಲಾಗುವುದಿಲ್ಲ. ಚಲನೆಗೆ ಪೀಜೋ ಸೆರಾಮಿಕ್. ವೋಲ್ಟೇಜ್ ಕೊಟ್ಟರೆ ನ್ಯಾನೋಮೀಟರ್ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ. ಕರೆಂಟ್ ಕಾಟಕ್ಕೂ ಮದ್ದು ಇದೆ. ಅಳತೆಗೆ ಬಳಸುವ ಸಣ್ಣ ಎಸಿ ಸಿಗ್ನಲ್ಲನ್ನು 50 ಹರ್ಟ್ಸಿನ ಗುಣಕಗಳಿಂದ ದೂರ ಇಡುತ್ತೇವೆ. ಇಲ್ಲದಿದ್ದರೆ ಟ್ಯೂಬ್‌ಲೈಟಿನ ಗುಂಯ್ ಅನ್ನುವುದೇ ದೊಡ್ಡ ಸಂಶೋಧನೆ ಆಗಿಬಿಡುತ್ತದೆ.

ಸೊಲ್ಲಾಪುರದ ಸಂಶಯ

ಟಿಪ್ ಬಗ್ಗೆ ಹೇಳುತ್ತೇನೆ ಅಂದಿದ್ದಿರಿ. ಮರೆಯಲಿಲ್ಲ ನಾನು. 2014ರಲ್ಲಿ ಸೀಸದ ಮೇಲೆ ಕಬ್ಬಿಣದ ಪರಮಾಣು ಸರಪಳಿ, ಅದರ ತುದಿಯಲ್ಲಿ ಮಜೊರಾನಾ (ತನಗೆ ತಾನೇ ಪ್ರತಿಕಣ ಆದ ಕಣದ ಹಾಗೆ ನಡೆಯುವ ಎಲೆಕ್ಟ್ರಾನ್ ಸ್ಥಿತಿ) ಅಂತ ಸುದ್ದಿ ಓದಿದ ನೆನಪು. ಆಮೇಲೆ ಅದು ಹೌದೋ ಅಲ್ಲವೋ ಅಂತ ಜಗಳ.

ಮುಳ್ಳೇರಿಯ ಟು ಬೆಂಗಳೂರು

ಮಜೊರಾನಾದ್ದು ಟಿಪ್ಪಿನ ಸಮಸ್ಯೆಗಿಂತ ಅರ್ಥದ ಸಮಸ್ಯೆ. ಸರಪಳಿಯ ತುದಿಯಲ್ಲಿ ಸೊನ್ನೆ ವೋಲ್ಟೇಜಿಗೆ ಒಂದು ಶಿಖರ ಕಂಡಿತು. ಮಜೊರಾನಾ ಇದ್ದರೆ ಅಲ್ಲಿ ಶಿಖರ ಇರಬೇಕು, ಸರಿ. ಆದರೆ ಸೂಪರ್‌ಕಂಡಕ್ಟರ್ ಮೇಲೆ ಕೂತ ಕಾಂತೀಯ ಪರಮಾಣು ಬೇರೆ ಕಾರಣಕ್ಕೂ ಸೊನ್ನೆಯ ಹತ್ತಿರ ಶಿಖರ ಕೊಡಬಹುದು. ಶಿಖರ ಕಂಡದ್ದು ನಿಜ. ಅದಕ್ಕೆ ಯಾವ ಹೆಸರು ಇಡಬೇಕು ಅನ್ನುವುದು ಜಗಳ. ಬರೀ ಒಂದು ಶಿಖರ ನೋಡಿ ಮಜೊರಾನಾ ಅಂದರೆ ನಾನೂ ನಂಬುವುದಿಲ್ಲ.

ಟಿಪ್ಪಿನ ತಲೆನೋವಿಗೆ ಒಳ್ಳೆಯ ಉದಾಹರಣೆ ಕಗೋಮೆ ಲೋಹಗಳು. ನನ್ನ ಕೆಲಸಕ್ಕೂ ಹತ್ತಿರದ್ದು.

ತಾಳವಾಡಿ ಬಿಎಸ್ಸಿ

ಕಗೋಮೆ ಅಂದರೆ?

ಮುಳ್ಳೇರಿಯ ಟು ಬೆಂಗಳೂರು

ಜಪಾನಿನ ಬಿದಿರು ಬುಟ್ಟಿಯ ಒಂದು ಹೆಣಿಗೆ. 1951ರಲ್ಲಿ ಇಟಿರೊ ಶ್ಯೋಜಿ ಎಂಬವರು ಈ ವಿನ್ಯಾಸದ ಪರಮಾಣು ಜಾಲದ ಲೆಕ್ಕ ಮಾಡಿದರು. ನಮ್ಮಲ್ಲಿ ಕೋಳಿ ಮುಚ್ಚಿಡಲು ಮೂರು ದಿಕ್ಕಿನಿಂದ ಬಿದಿರ ಸೀಳು ಹೆಣೆದು ಆರು ಮೂಲೆಯ ಕಣ್ಣು ಬಿಡುವ ಬುಟ್ಟಿ ಇದೆಯಲ್ಲ, ಅದೇ ಹೆಣಿಗೆ ಅಂತ ಇಟ್ಟುಕೊಳ್ಳಿ. ಸೀಳುಗಳು ದಾಟುವ ಒಂದೊಂದು ಜಾಗದಲ್ಲೂ ಒಂದು ಪರಮಾಣು. ಆರು ಮೂಲೆಯ ಕಣ್ಣಿನ ಸುತ್ತ ಆರು ಪರಮಾಣು, ಕಣ್ಣು ಕಣ್ಣಿನ ನಡುವೆ ಪುಟ್ಟ ತ್ರಿಕೋನಗಳು.

ಈಗ ಒಂದು ಕಣ್ಣಿನ ಸುತ್ತ ಎಲೆಕ್ಟ್ರಾನ್ ಅಲೆಯನ್ನು ಒಂದು ಪರಮಾಣುವಿನಲ್ಲಿ ಪ್ಲಸ್, ಪಕ್ಕದ್ದರಲ್ಲಿ ಮೈನಸ್, ಮತ್ತೆ ಪ್ಲಸ್, ಹೀಗೆ ಆರಕ್ಕೂ ಇಡಿ. ಹೊರಗಿನ ಯಾವ ಪರಮಾಣುವಿಗೆ ಜಿಗಿಯಬೇಕಾದರೂ ದಾರಿ ಎರಡು: ತ್ರಿಕೋನದ ಒಂದು ಮೂಲೆಯಿಂದ ಪ್ಲಸ್, ಇನ್ನೊಂದು ಮೂಲೆಯಿಂದ ಮೈನಸ್. ಎರಡೂ ಕೂಡಿದರೆ ಸೊನ್ನೆ. ಎಲೆಕ್ಟ್ರಾನ್ ಹೊರಗೆ ಹೋಗಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ! ಗೋಡೆ ಇಲ್ಲ, ಬೇಲಿ ಇಲ್ಲ, ಬರೀ ಹೆಣಿಗೆಯ ಆಕಾರದಿಂದ. ಹೀಗೆ ನಿಂತ ಎಲೆಕ್ಟ್ರಾನುಗಳಿಗೆ ಓಡುವ ಶಕ್ತಿ ಇಲ್ಲ. ಹಾಗಾಗಿ ಒಂದನ್ನೊಂದು ತಳ್ಳುವ ಬಲವೇ ಮೇಲಾಗುತ್ತದೆ. ಮೇಷ್ಟ್ರೇ, ಇದನ್ನು ನಿಮ್ಮ ಮಕ್ಕಳು ಕಾಗದದ ಮೇಲೆ ಬರೆದು ನೋಡಬಹುದು. ಬರೀ ಕೂಡುವ ಕಳೆಯುವ ಲೆಕ್ಕ ಸಾಕು.

ನಿಜವಾದ ವಸ್ತು ಇಷ್ಟು ಚಂದಕ್ಕೆ ನಡೆಯುವುದಿಲ್ಲ. ಸೀಸಿಯಂ, ವನೇಡಿಯಂ, ಆಂಟಿಮೊನಿ ಸೇರಿದ ಒಂದು ಲೋಹದಲ್ಲಿ ವನೇಡಿಯಂ ಈ ಹೆಣಿಗೆಯಲ್ಲಿ ಕೂತಿದೆ. ಸುಮಾರು 94 ಕೆಲ್ವಿನ್ ಕೆಳಗೆ ಅದರ ಎಲೆಕ್ಟ್ರಾನುಗಳು ಹೊಸ ಅಲೆಯ ವಿನ್ಯಾಸ ಕಟ್ಟುತ್ತವೆ, ಸುಮಾರು 2.5 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ. ಸೀಳಿದಾಗ ಮೇಲೆ ಬರುವುದು ಸೀಸಿಯಂ ಅಥವಾ ಆಂಟಿಮೊನಿ ಪದರ. ವನೇಡಿಯಂ ಕೆಳಗೆ ಅಡಗಿರುತ್ತದೆ. ಆದರೂ ಅದರ ಎಲೆಕ್ಟ್ರಾನುಗಳ ವಿನ್ಯಾಸ ಮೇಲಿನ ಪದರದ ಮೂಲಕ ಕಾಣುತ್ತದೆ.

ಜಗಳ ಇರುವುದು ಇಲ್ಲಿ. ಎಲೆಕ್ಟ್ರಾನ್ ಅಲೆಗೆ ಮೂರು ದಿಕ್ಕು. ಫೂರಿಯೇ ಚಿತ್ರದಲ್ಲಿ ಮೂರು ಜೋಡಿ ಚುಕ್ಕೆ. ಪೊಟ್ಯಾಸಿಯಂ ಇರುವ ಅಣ್ಣತಮ್ಮ ಲೋಹದಲ್ಲಿ 2021ರಲ್ಲಿ ಒಂದು ಗುಂಪು, ಈ ಮೂರು ಜೋಡಿಗಳ ಹೊಳಪು ಬೇರೆ ಬೇರೆ ಇದೆ, ಕಡಿಮೆಯಿಂದ ಜಾಸ್ತಿಗೆ ಎಣಿಸಿದರೆ ಗಡಿಯಾರದ ದಿಕ್ಕಿಗೋ ಎದುರು ದಿಕ್ಕಿಗೋ ತಿರುಗುತ್ತದೆ, ಆಯಸ್ಕಾಂತ ಇಟ್ಟರೆ ತಿರುಗುವ ದಿಕ್ಕು ಬದಲಾಗುತ್ತದೆ ಅಂತ ಹೇಳಿತು. ದೊಡ್ಡ ಮಾತು. ಬೇರೆ ಗುಂಪು ಅದೇ ವಸ್ತು ನೋಡಿ, ನಮಗೆ ಆಯಸ್ಕಾಂತದಿಂದ ಹಾಗೆ ಬದಲಾಗುವುದು ಕಾಣಲಿಲ್ಲ ಅಂದಿತು.

ಸೊಲ್ಲಾಪುರದವರೇ, ನಿಮ್ಮ ಸಂಶಯ ಸರಿಯಾಗಿ ಹೊಂದುವುದು ಇಲ್ಲಿಗೆ. ಟಿಪ್ಪಿನ ತುದಿ ಸ್ವಲ್ಪ ಉದ್ದಕ್ಕೆ ಇದ್ದರೂ ಒಂದು ದಿಕ್ಕಿನ ಚುಕ್ಕೆ ಜಾಸ್ತಿ ಹೊಳೆಯುತ್ತದೆ. ಸ್ಕ್ಯಾನ್ ಮಧ್ಯೆ ತುದಿಗೆ ಒಂದು ಪರಮಾಣು ಅಂಟಿಕೊಂಡರೆ ಮುಗಿಯಿತು, ಮೊದಲಿನ ಅರ್ಧ ಮತ್ತು ನಂತರದ ಅರ್ಧ ಬೇರೆ ಬೇರೆ ಯಂತ್ರದಲ್ಲಿ ತೆಗೆದ ಹಾಗೆ. ಅದಕ್ಕೆ ನಾವು ಮೊದಲು ಚಿನ್ನ ಅಥವಾ ತಾಮ್ರದ ಮೇಲೆ ಟಿಪ್ಪನ್ನು ಪಳಗಿಸುತ್ತೇವೆ. ಕೆಲವು ವೋಲ್ಟಿನ ಒಂದು ಹೊಡೆತ, ಇಲ್ಲ ಮೆಲ್ಲಗೆ ಒಂದು ಚುಚ್ಚು, ಮತ್ತೆ ನೋಡು. ಗೊತ್ತಿರುವ ಲೋಹದ ಮೇಲೆ ಗೊತ್ತಿರುವ ಗೆರೆ ಬರುವವರೆಗೆ ಇದೇ ಕೆಲಸ. ಆಮೇಲೆ ಮಾದರಿ. ಅದೇ ಜಾಗವನ್ನು ಬೇರೆ ಕೋನದಲ್ಲಿ ಸ್ಕ್ಯಾನ್ ಮಾಡುತ್ತೇವೆ. ಒಂದೇ ಚಿತ್ರದಲ್ಲಿ ಎರಡು ಪ್ರದೇಶ ಸಿಕ್ಕಿ, ಒಂದರಲ್ಲಿ ಒಂದು ದಿಕ್ಕು, ಇನ್ನೊಂದರಲ್ಲಿ ಬೇರೆ ದಿಕ್ಕು ಹೊಳೆದರೆ ಅದು ಟಿಪ್ಪಿನ ಆಟ ಅಲ್ಲ, ಯಾಕೆಂದರೆ ಎರಡಕ್ಕೂ ಟಿಪ್ ಒಂದೇ.

ಪತ್ರಿಕೆಗಳು ಪ್ರಕಟಿಸುವುದು ಚಂದದ ಒಂದು ಚಿತ್ರ. ನಾನು ಮೊದಲು ಹುಡುಕುವುದು ಹಿಂದಿನ ಪುಟಗಳಲ್ಲಿ ಬೇರೆ ಟಿಪ್ಪಿನಲ್ಲಿ ತೆಗೆದ ಚಿತ್ರ ಇದೆಯಾ ಅಂತ. ಇಲ್ಲದಿದ್ದರೆ ನನಗೆ ಓದುವ ಉತ್ಸಾಹ ಅರ್ಧ ಇಳಿಯುತ್ತದೆ.

ಸೊಲ್ಲಾಪುರದ ಸಂಶಯ

ಒಂದೇ ಚಿತ್ರದಲ್ಲಿ ಎರಡು ಪ್ರದೇಶ ಅನ್ನುವ ವಾದ ಒಪ್ಪಿದೆ. ಆಯಸ್ಕಾಂತದ್ದು ಒಪ್ಪಿಲ್ಲ.

ಮುಳ್ಳೇರಿಯ ಟು ಬೆಂಗಳೂರು

ಆ ವಿಷಯದಲ್ಲಿ ಈ ಕ್ಷೇತ್ರದವರೇ ಇನ್ನೂ ಎರಡು ಪಂಗಡ. ನೀವು ಯಾವ ಕಡೆ ಕೂತರೂ ಜನ ಇದ್ದಾರೆ.

ಅದವಾನಿ ಕೆಮಿಸ್ಟ್ರಿ

ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಅಂಥ ಎರಡನ್ನು 1.1 ಡಿಗ್ರಿ ತಿರುಗಿಸಿ ಇಟ್ಟರೆ ಸೂಪರ್‌ಕಂಡಕ್ಟರ್ ಆಗುತ್ತದಲ್ಲ, 2018ರದ್ದು. ಅಲ್ಲೂ ಎಸ್‌ಟಿಎಂ ಇದೆಯಾ?

ಮುಳ್ಳೇರಿಯ ಟು ಬೆಂಗಳೂರು

ಖಂಡಿತ. ಎರಡು ಜಾಲ ಸ್ವಲ್ಪ ತಿರುಗಿದರೆ ಸುಮಾರು 13 ನ್ಯಾನೋಮೀಟರಿಗೊಮ್ಮೆ ಮರುಕಳಿಸುವ ದೊಡ್ಡ ವಿನ್ಯಾಸ ಬರುತ್ತದೆ. ಆ ಅಂತರ ಅಳೆದರೆ ತಿರುಗಿದ ಕೋನ ಲೆಕ್ಕ ಹಾಕಬಹುದು. ಒಂದೇ ಮಾದರಿಯಲ್ಲಿ ಜಾಗದಿಂದ ಜಾಗಕ್ಕೆ ಕೋನ ಬದಲಾಗುತ್ತದೆ ಅಂತ ಹೀಗೇ ಗೊತ್ತಾಗುತ್ತದೆ. ಅದರ ಬಗ್ಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಮುಗಿಯುವ ಕಥೆ ಅಲ್ಲ.

ನೀರ್ಚಾಲು ಮೇಷ್ಟ್ರು

ಎಲ್ಲವನ್ನೂ ಪ್ರಿಂಟ್ ತೆಗೆದಿದ್ದೇನೆ. ಪ್ಲಸ್ ಮೈನಸ್ ಲೆಕ್ಕ ನಾಳೆಯೇ ಬೋರ್ಡಿನ ಮೇಲೆ ಬರುತ್ತದೆ. ಈಗ ದುರಾಸೆ ಒಂದು. ಹೀಲಿಯಂ, ನಿರ್ವಾತ ನಮ್ಮ ಕೈಗೆ ಸಿಗದ ಮಾತು. ಮಕ್ಕಳಿಗೆ ಗ್ರಾಫೈಟ್ ಆದರೂ ತೋರಿಸಬಹುದಾ? ಮನೆಯಲ್ಲೇ ಎಸ್‌ಟಿಎಂ ಮಾಡಿದವರ ಬಗ್ಗೆ ಓದಿದ್ದೆ.

ಹೊಸೂರು ಲೇತ್

ಆಗುತ್ತದೆ. ಹವ್ಯಾಸಿಗಳು ಬಜರ್‌ನಲ್ಲಿ ಬರುವ ಪೀಜೋ ಬಿಲ್ಲೆಯನ್ನೇ ಬಳಸುತ್ತಾರೆ. ಬಿಲ್ಲೆಯ ಬೆಳ್ಳಿ ಪದರವನ್ನು ಬ್ಲೇಡಿನಿಂದ ಅಡ್ಡ ಉದ್ದ ಗೀರಿ ನಾಲ್ಕು ಭಾಗ ಮಾಡಬೇಕು. ಎದುರು ಬದುರು ಭಾಗಕ್ಕೆ ಪ್ಲಸ್ ಮೈನಸ್ ಕೊಟ್ಟರೆ ಟಿಪ್ ಆ ಕಡೆ ಈ ಕಡೆ ವಾಲುತ್ತದೆ. ನಾಲ್ಕಕ್ಕೂ ಒಂದೇ ಕೊಟ್ಟರೆ ಮೇಲೆ ಕೆಳಗೆ. ಕರೆಂಟ್ ಅಳೆಯಲು ಒಂದು ಒಳ್ಳೆಯ ಆಪ್ ಆಂಪ್ (ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಚಿಪ್), 100 ಮೆಗಾ ಓಮ್ ರೆಸಿಸ್ಟರ್. ಒಂದು ನ್ಯಾನೋಆಂಪಿಯರಿಗೆ 0.1 ವೋಲ್ಟ್ ಸಿಗುತ್ತದೆ.

ಕಷ್ಟ ಇರುವುದು ಟಿಪ್ಪನ್ನು ಹತ್ತಿರ ತರುವುದರಲ್ಲಿ. ಒಂದು ಸುತ್ತಿಗೆ 0.25 ಮಿಲಿಮೀಟರ್ ಹೋಗುವ ಸ್ಕ್ರೂ ಹಾಕಿದರೂ ಒಂದು ಡಿಗ್ರಿಗೆ 700 ನ್ಯಾನೋಮೀಟರ್ ಆಯಿತು. ಕೈಯಲ್ಲಿ ತಿರುಗಿಸಿದರೆ ಟಿಪ್ ಗುದ್ದುವುದು ಗ್ಯಾರಂಟಿ. ಮೂರು ಸ್ಕ್ರೂ ಇಟ್ಟು, ಟಿಪ್ಪನ್ನು ಎರಡು ಸ್ಕ್ರೂಗಳ ಗೆರೆಗೆ ತೀರಾ ಹತ್ತಿರ ಕೂರಿಸಿ, ದೂರದ ಮೂರನೆಯದನ್ನು ಸ್ಟೆಪ್ಪರ್ ಮೋಟಾರಿನಿಂದ ತಿರುಗಿಸಬೇಕು. ಆಗ ಸನ್ನೆಯ ಲೆಕ್ಕದಲ್ಲಿ ಹತ್ತಿಪ್ಪತ್ತು ಪಟ್ಟು ಕಡಿಮೆ ಸರಿಯುತ್ತದೆ. ಆ ಅಡಿಯ ತಟ್ಟೆ ನಾನು ಮಾಡಿ ಕೊಡುತ್ತೇನೆ. ಕೂಲಿ ಬೇಡ, ಮಕ್ಕಳ ಚಿತ್ರ ಕಳಿಸಿದರೆ ಸಾಕು.

ಮುಳ್ಳೇರಿಯ ಟು ಬೆಂಗಳೂರು

ಟಿಪ್ಪಿಗೆ ಟಂಗ್‌ಸ್ಟನ್ ಬೇಡ, ಗಾಳಿಯಲ್ಲಿ ಆಕ್ಸೈಡ್ ಹಿಡಿಯುತ್ತದೆ. ಪ್ಲಾಟಿನಂ ಇರಿಡಿಯಂ ತಂತಿ ತೆಗೆದುಕೊಳ್ಳಿ. ಕಟ್ಟರ್‌ನಲ್ಲಿ ಓರೆಯಾಗಿ ಹಿಡಿದು, ಕತ್ತರಿಸುವಾಗಲೇ ಎಳೆಯಬೇಕು. ತುದಿ ಹರಿದ ಹಾಗೆ ಆಗುತ್ತದೆ, ಅದೇ ಒಳ್ಳೆಯದು. ತುದಿಯನ್ನು ಬೆರಳಿನಿಂದ ಮುಟ್ಟಬಾರದು.

ಪೆನ್ಸಿಲ್ ಕಡ್ಡಿ ಆಗುವುದಿಲ್ಲ, ಅದರಲ್ಲಿ ಮಣ್ಣು ಸೇರಿಸಿರುತ್ತಾರೆ. ಪದರ ಸರಿಯಾಗಿ ಜೋಡಿಸಿದ ಗ್ರಾಫೈಟ್ ತುಂಡು ಲ್ಯಾಬ್ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಸೆಲೋಟೇಪ್ ಅಂಟಿಸಿ ಎಳೆದರೆ ಹೊಸ ಮೇಲ್ಮೈ ತಯಾರು. ಮಳೆಗಾಲದಲ್ಲಿ ಮಾತ್ರ ಮಾಡಬೇಡಿ. ನಮ್ಮ ಕಡೆಯ ಜುಲೈ ಗಾಳಿಯಲ್ಲಿ ಟಿಪ್ ಮತ್ತು ಮಾದರಿಯ ನಡುವೆ ನೀರಿನ ಪೊರೆ ಕೂತು ಕರೆಂಟ್ ಸುಳ್ಳು ಹೇಳುತ್ತದೆ. ಡಿಸೆಂಬರ್ ಜನವರಿ ಒಳ್ಳೆಯದು. ಫ್ಯಾನ್ ಆಫ್, ಮೇಲೆ ಒಂದು ರಟ್ಟಿನ ಪೆಟ್ಟಿಗೆ ಮುಚ್ಚಿ.

ಉಪ್ಪಳ ಗೇಟ್

ಶಾಲೆ ಹಳಿಯಿಂದ ದೂರ ಇದೆ ತಾನೇ ಮೇಷ್ಟ್ರೇ? ಹಳಿ ಪಕ್ಕದಲ್ಲೇ ಆದರೆ ಗೂಡ್ಸ್ ರೈಲಿನ ಟೈಮು ನನ್ನ ಹತ್ತಿರ ಕೇಳಿ, ಟೈಮ್‌ಟೇಬಲಿನಲ್ಲಿ ಇರುವುದಿಲ್ಲ.

ತಾಳವಾಡಿ ಬಿಎಸ್ಸಿ

ಚಿತ್ರ ಬಂದರೆ ಅದು ನಿಜವಾಗಿ ಗ್ರಾಫೈಟೇ ಅಂತ ಹೇಗೆ ತಿಳಿಯುವುದು? ಪೀಜೋ ಎಷ್ಟು ಸರಿಯಿತು ಅಂತ ನಮಗೆ ಗೊತ್ತಿರುವುದಿಲ್ಲವಲ್ಲ.

ಮುಳ್ಳೇರಿಯ ಟು ಬೆಂಗಳೂರು

ಒಳ್ಳೆಯ ಪ್ರಶ್ನೆ. ಮೊದಲು ಆಕಾರ ನೋಡಿ, ಮೂರು ದಿಕ್ಕಿನಲ್ಲೂ ಚುಕ್ಕೆಗಳ ಸಾಲು ಇರಬೇಕು. ಹೊಳೆಯುವ ಎರಡು ಚುಕ್ಕೆಗಳ ಅಂತರ 0.246 ನ್ಯಾನೋಮೀಟರ್. 0.142 ಅಲ್ಲ, ಅದು ಪಕ್ಕ ಪಕ್ಕದ ಇಂಗಾಲಗಳ ಅಂತರ, ಅವುಗಳಲ್ಲಿ ಒಂದು ಕಾಣುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಆ 0.246ನ್ನೇ ಅಳತೆಗೋಲು ಮಾಡಿಕೊಂಡು ಪೀಜೋ ಲೆಕ್ಕ ಹಾಕಬಹುದು. ಸ್ಕ್ಯಾನ್ ಅಳತೆ ಅರ್ಧ ಮಾಡಿದರೆ ಚುಕ್ಕೆಗಳು ಎರಡು ಪಟ್ಟು ದೊಡ್ಡದಾಗಬೇಕು. ಹಾಗೆ ಆಗದೆ ಅಷ್ಟೇ ಇದ್ದರೆ ನೀವು ನೋಡುತ್ತಿರುವುದು 50 ಹರ್ಟ್ಸ್ ಕರೆಂಟಿನ ಗೆರೆ. ಸಾಲುಗಳು ಓರೆಯಾಗಿ ಎಳೆದ ಹಾಗೆ ಕಂಡರೆ ಉಷ್ಣತೆಯಿಂದ ಟಿಪ್ ಜಾರುತ್ತಿದೆ ಅಂತ ಅರ್ಥ. ಮೇಲಿನಿಂದ ಕೆಳಗೆ ಒಂದು, ಕೆಳಗಿನಿಂದ ಮೇಲೆ ಒಂದು ಚಿತ್ರ ತೆಗೆದು ಹೋಲಿಸಿ. ವೇಗವಾಗಿ ಸ್ಕ್ಯಾನ್ ಮಾಡಿ.

ನೀರ್ಚಾಲು ಮೇಷ್ಟ್ರು

ಬಿಲ್ಲೆ, ಆಪ್ ಆಂಪ್ ಕಾಸರಗೋಡು ಪೇಟೆಯಲ್ಲೇ ನೋಡುತ್ತೇನೆ, ಇಲ್ಲದಿದ್ದರೆ ಮಂಗಳೂರು. ಪ್ಲಾಟಿನಂ ತಂತಿ ರೇಟ್ ನೋಡಿ ಗಾಬರಿ ಆಯಿತು.

ಮುಳ್ಳೇರಿಯ ಟು ಬೆಂಗಳೂರು

ಮೀಟರ್‌ಗಟ್ಟಲೆ ಬೇಡ ಸರ್. ಒಂದು ಟಿಪ್ಪಿಗೆ ಒಂದು ಸೆಂಟಿಮೀಟರ್ ಸಾಕು, ಗುದ್ದಿದರೆ ಅದನ್ನೇ ಮತ್ತೆ ಕತ್ತರಿಸಬಹುದು. ಹತ್ತು ಸೆಂಟಿಮೀಟರ್ ತೆಗೆದುಕೊಳ್ಳಿ.

ಹೊಸೂರು ಲೇತ್

ತಟ್ಟೆಗೆ ಅಲ್ಯೂಮಿನಿಯಂ ಹಾಕಲೇ, ಸ್ಟೀಲ್ ಹಾಕಲೇ? ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನನ್ನ ಮಾತು ಕೇಳಿದರೆ ಸ್ಟೀಲ್. ಮೇಷ್ಟ್ರೇ, ಅಡ್ರೆಸ್ ಪ್ರೈವೇಟ್ ಮೆಸೇಜಿನಲ್ಲಿ ಕಳಿಸಿ, ಇಲ್ಲಿ ಹಾಕಬೇಡಿ.